ಗದ್ಯಾಣವನ್ನು ಕೈಯಲ್ಲಿ ಹಿಡಿದು ಓದುವುದು: ನಾಣ್ಯಸಂಗ್ರಹಕ್ಕೆ ತೊಡಗುವ ಸಾಹಿತ್ಯಾಭ್ಯಾಸಿಗಳಿಗೆ

ತರಗತಿಯಲ್ಲಿ ಶಾಸನಸಾಹಿತ್ಯವನ್ನು ಬೋಧಿಸುವಾಗ ಪ್ರತಿವರ್ಷವೂ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. ಬಸದಿಯೊಂದರ ನಿತ್ಯಪೂಜೆಗೆ ಇಷ್ಟು ಗದ್ಯಾಣವನ್ನು ಬಿಟ್ಟರೆಂದು ಶಾಸನ ಹೇಳುತ್ತದೆ. ಆಗ ಹಿಂದಿನ ಸಾಲಿನಿಂದ ಯಾರಾದರೊಬ್ಬರು, "ಸರ್, ಒಂದು ಗದ್ಯಾಣ ಅಂದ್ರೆ ಈಗಿನ ಎಷ್ಟು ರೂಪಾಯಿ?" ಎಂದು ಕೇಳುತ್ತಾರೆ. ಬಹಳ ವರ್ಷಗಳವರೆಗೆ ನಾನು ಕೊಡುತ್ತಿದ್ದ ಉತ್ತರ ಅರ್ಥಕೋಶದ್ದು: ಅದೊಂದು ಬಗೆಯ ಚಿನ್ನದ ನಾಣ್ಯ. ಈ ಉತ್ತರದಿಂದ ಕೇಳಿದವರಿಗೂ ತೃಪ್ತಿಯಾಗುತ್ತಿರಲಿಲ್ಲ, ಹೇಳಿದ ನನಗೂ ಆಗುತ್ತಿರಲಿಲ್ಲ. ಈ ವರ್ಷ ಸ್ನಾತಕೋತ್ತರ ತರಗತಿಯ ವಿದ್ಯಾರ್ಥಿಯೊಬ್ಬ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಪಾಠ ಮುಗಿದ ಮೇಲೆ ಬಂದು, "ಸರ್, ಅಂಥ ನಾಣ್ಯ ನಮ್ಮಂಥವರು ಕೊಳ್ಳಬಹುದಾ? ಎಲ್ಲಿಂದ ಶುರು ಮಾಡಬೇಕು?" ಎಂದು ಕೇಳಿದ. ಅವನಿಗೆ ನಿಂತಲ್ಲೇ ಹೇಳಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಸ್ಪಷ್ಟಪಡಿಸುತ್ತೇನೆ. ಕನ್ನಡ ಸಾಹಿತ್ಯದ ಅಭ್ಯಾಸಿಗಳು ಚಿನ್ನ ಬೆಳ್ಳಿಯ ನಾಣ್ಯಗಳನ್ನು ಸಂಗ್ರಹಿಸಬಹುದು, ಸಾಧ್ಯವಾದವರು ಸಂಗ್ರಹಿಸಬೇಕು. ಆದರೆ ನಮಗೆ ನಾಣ್ಯವು ಒಂದು ಪಠ್ಯವಾಗಿರಬೇಕು. ಓದಲು ಬಾರದ ನಾಣ್ಯವನ್ನು ಕೊಳ್ಳಬಾರದು. ಬಂದ ದಾರಿ ತಿಳಿಯದ ನಾಣ್ಯವನ್ನಂತೂ ಮುಟ್ಟಬಾರದು. ಹೀಗೆ ತೊಡಗಿದವನು ಹೆಚ್ಚು ಹಣ ಕಳೆದುಕೊಳ್ಳುವುದಿಲ್ಲ, ನಾಡಿನ ಚರಿತ್ರೆಗೂ ಅವನಿಂದ ಹಾನಿಯಾಗುವುದಿಲ್ಲ.

ನಾಣ್ಯವು ನಮ್ಮ ವಿಷಯವೇ?

ಇದು ಹಣವಂತರ ಹವ್ಯಾಸ, ಸಾಹಿತ್ಯದ ವಿದ್ಯಾರ್ಥಿಗೆ ಇದರಿಂದೇನು ಎಂಬ ಆಕ್ಷೇಪವನ್ನು ನನ್ನ ಸಹೋದ್ಯೋಗಿಗಳೇ ಎತ್ತಿದ್ದಾರೆ. ಆದರೆ ನಮ್ಮ ಭಾಷೆಯನ್ನೇ ನೋಡಬೇಕು. ಒಂದು ಮಾತನ್ನು 'ಒರೆಗೆ ಹಚ್ಚುತ್ತೇವೆ', ಹಳಸಿದ ಉಪಮೆಯನ್ನು 'ಸವಕಲು' ಎನ್ನುತ್ತೇವೆ, 'ಕವಡೆ ಕಾಸಿನ ಕಿಮ್ಮತ್ತಿಲ್ಲ' ಎಂದು ತಳ್ಳಿಹಾಕುತ್ತೇವೆ. ಲೋಕವನ್ನು ಕಮ್ಮಟಕ್ಕೆ, ಎಂದರೆ ಟಂಕಸಾಲೆಗೆ, ಹೋಲಿಸಿದ ಬಸವಣ್ಣನವರ ವಚನ ಎಲ್ಲರಿಗೂ ಪರಿಚಿತ. ಅಲ್ಲಿ ಬರುವ 'ಸಲ್ಲು' ಎಂಬ ಕ್ರಿಯಾಪದದ ಪೂರ್ಣ ಅರ್ಥವು ಸಂತೆಯಲ್ಲಿ ಹೊನ್ನನ್ನು ತಿರುಗಿಸಿ ನೋಡಿ, ತೂಗಿ, ಇದು ಸಲ್ಲುತ್ತದೆ, ಇದು ಸಲ್ಲದು ಎಂದು ಬೇರ್ಪಡಿಸುತ್ತಿದ್ದ ಚಿನಿವಾರನ ಕಣ್ಣಿನಿಂದ ನೋಡಿದಾಗ ಮಾತ್ರ ಹೊಳೆಯುತ್ತದೆ. ಹಣದ ನಾಲ್ಕನೆಯ ಒಂದು ಭಾಗ ಹಾಗ, ಹದಿನಾರನೆಯ ಒಂದು ಭಾಗ ವೀಸ ಎಂಬುದನ್ನು ಅರಿಯದವನು ನೂರಾರು ಶಾಸನಗಳ ಕೊನೆಯ ಭಾಗವನ್ನು ಓದದೆಯೇ ದಾಟಿಹೋಗುತ್ತಾನೆ. ಧರ್ಮದ ಬಗೆಗೆ ಏನು ಹೇಳಿದರು ಎಂಬುದಷ್ಟೇ ಅವನಿಗೆ ತಿಳಿಯುತ್ತದೆ. ಧರ್ಮವನ್ನು ನಡೆಸಲು ಯಾರು ಎಷ್ಟು ಕೊಟ್ಟರು, ಅದರ ಬಡ್ಡಿಯಿಂದ ಎಷ್ಟು ಹಾಲು ಬರುತ್ತಿತ್ತು ಎಂಬುದು ತಿಳಿಯುವುದಿಲ್ಲ. ಶ್ರವಣಬೆಳಗೊಳದ ಶಾಸನಗಳಲ್ಲಿ ಗೊಮ್ಮಟದೇವನ ಹಾಲಿನ ಅಭಿಷೇಕಕ್ಕೆಂದು ಸಾಮಾನ್ಯ ಭಕ್ತರು ಬಿಟ್ಟ ಕೆಲವೇ ಗದ್ಯಾಣಗಳ ದತ್ತಿಗಳು ಅನೇಕವಿವೆ. ಆ ಲೆಕ್ಕದಲ್ಲಿ ಒಂದು ಕಾಲದ ಬದುಕೇ ಅಡಗಿದೆ.

ಇನ್ನೊಂದು ಕುತೂಹಲದ ಸಂಗತಿಯಿದೆ. ನಾಣ್ಯಪರೀಕ್ಷೆ, ಲೋಹಗಣಿತಗಳು ನಮ್ಮ ಪರಂಪರೆಯಲ್ಲಿ ವಿದ್ವಾಂಸರೇ ಕೈಯಾಡಿಸಿದ ವಿಷಯಗಳು. ಅಮೋಘವರ್ಷನ ಕಾಲದ ಮಹಾವೀರಾಚಾರ್ಯನ 'ಗಣಿತಸಾರಸಂಗ್ರಹ'ದಲ್ಲಿ ಬೇರೆ ಬೇರೆ ಶುದ್ಧತೆಯ ಚಿನ್ನವನ್ನು ಬೆರೆಸಿದಾಗ ದೊರೆಯುವ ಮಿಶ್ರಣದ ಲೆಕ್ಕಗಳಿವೆ. 12ನೆಯ ಶತಮಾನದ ರಾಜಾದಿತ್ಯ ಕನ್ನಡದಲ್ಲಿಯೇ 'ವ್ಯವಹಾರಗಣಿತ'ವನ್ನು ರಚಿಸಿದ. ಎಲ್ಲಕ್ಕಿಂತ ಮಿಗಿಲಾಗಿ, ದೆಹಲಿಯ ಟಂಕಸಾಲೆಯಲ್ಲಿ ಅಧಿಕಾರಿಯಾಗಿದ್ದ ಜೈನ ವಿದ್ವಾಂಸ ಠಕ್ಕುರ ಫೇರು 1318ರಲ್ಲಿ 'ದ್ರವ್ಯಪರೀಕ್ಷಾ' ಎಂಬ ಗ್ರಂಥವನ್ನು ಬರೆದ. ಆ ಕಾಲದಲ್ಲಿ ಬೇರೆ ಬೇರೆ ನಾಡುಗಳಿಂದ ದೆಹಲಿಗೆ ಬರುತ್ತಿದ್ದ ನಾಣ್ಯಗಳ ತೂಕ, ಲೋಹದ ಪ್ರಮಾಣ ಮತ್ತು ಬೆಲೆಗಳನ್ನು ಗಾಹೆಗಳಲ್ಲಿ ಹೇಳುವ ಅಪೂರ್ವ ಕೃತಿ ಅದು. ಅವನು ಅದನ್ನು ಬರೆದದ್ದು ತನ್ನ ತಮ್ಮನಿಗೂ ಮಗನಿಗೂ ತಿಳಿಯಲೆಂದು. ನಾಣ್ಯವನ್ನು ಹೇಗೆ ನೋಡಬೇಕೆಂದು ಕಿರಿಯರಿಗೆ ಹೇಳುವ ಕೆಲಸಕ್ಕೆ ಏಳುನೂರು ವರ್ಷಗಳ ಹಿಂದೆಯೇ ಒಬ್ಬ ಪೂರ್ವಸೂರಿಯಿದ್ದಾನೆಂಬುದು ನನಗೆ ಧೈರ್ಯ ಕೊಟ್ಟಿದೆ. ಗ್ರಂಥದ ಆರಂಭದಲ್ಲಿ ಅವನು ಲೋಹಶುದ್ಧಿಯ ವಿಧಾನವನ್ನು ಹೇಳುತ್ತಾನೆ. ನಾಣ್ಯಗಳ ಹೆಸರು ಆಮೇಲೆ ಬರುತ್ತವೆ. ಹೊಸಬರು ಅನುಸರಿಸಬೇಕಾದ ಕ್ರಮವೂ ಇದೇ.

ಮೂರು ಬಗೆಯ 'ಕಾಯಿನ್'

ಇಂದಿನ ಪೇಟೆಯಲ್ಲಿ ನಾಣ್ಯ ಎಂಬ ಒಂದೇ ಹೆಸರಿನಲ್ಲಿ ಮೂರು ಬೇರೆ ಬೇರೆ ವಸ್ತುಗಳು ಮಾರಾಟವಾಗುತ್ತವೆ. ಇವುಗಳನ್ನು ಬೇರ್ಪಡಿಸಿಕೊಳ್ಳದವನು ಮೊದಲ ದಿನವೇ ಮೋಸಹೋಗುತ್ತಾನೆ.

ಮೊದಲನೆಯದು ಚಿನ್ನದಂಗಡಿಗಳಲ್ಲಿ ಅಕ್ಷಯತೃತೀಯೆಗೋ ದೀಪಾವಳಿಗೋ ಕೊಳ್ಳುವ ಲಕ್ಷ್ಮಿಯ ಚಿತ್ರದ 'ಕಾಯಿನ್'. ಇದನ್ನು ಯಾವ ಪ್ರಭುತ್ವವೂ ಚಲಾವಣೆಗೆಂದು ಹೊರಡಿಸಿದ್ದಲ್ಲ. ಇದು ದುಂಡಗೆ ಕತ್ತರಿಸಿದ ಚಿನ್ನ ಮಾತ್ರ. ಇದರ ಬೆಲೆ ಅಂದಿನ ಲೋಹದ ದರ, ತಯಾರಿಕೆಯ ಖರ್ಚು, ತೆರಿಗೆ ಇವುಗಳ ಮೊತ್ತ. ಉಳಿತಾಯ ಬೇಕಾದವರು ಇದನ್ನು ಕೊಳ್ಳಲಿ. ಶುದ್ಧತೆ ಮತ್ತು ತೂಕವನ್ನು ನಮೂದಿಸಿದ ಬಿಲ್ಲನ್ನು ಕೇಳಿ ಪಡೆಯಲಿ, ಮರಳಿ ಮಾರುವಾಗ ಎಷ್ಟು ಕಡಿತವಾಗುತ್ತದೆಂದು ಕೊಳ್ಳುವ ಮೊದಲೇ ವಿಚಾರಿಸಲಿ. 24 ಕ್ಯಾರಟ್ ಎಂದರೆ ಶುದ್ಧ ಚಿನ್ನ. 22 ಕ್ಯಾರಟ್ ಎಂದರೆ ಇಪ್ಪತ್ತನಾಲ್ಕರಲ್ಲಿ ಇಪ್ಪತ್ತೆರಡು ಭಾಗ, ಅಂದರೆ ಶೇಕಡಾ 91.67. ಇಷ್ಟು ಗಣಿತ ಸಾಕು. ಆದರೆ ಇದನ್ನು ನಾಣ್ಯಸಂಗ್ರಹವೆಂದು ಕರೆಯಲಾಗದು.

ಎರಡನೆಯದು 'ರಾಮಟಂಕೆ'. ಒಂದು ಕಡೆ ರಾಮಪಟ್ಟಾಭಿಷೇಕ, ಇನ್ನೊಂದು ಕಡೆ ವನವಾಸದ ದೃಶ್ಯ ಅಥವಾ ಹನುಮಂತನಿರುವ ಇವು ಪೂಜೆಗೆಂದು ಮಾಡಿದ ಮುದ್ರೆಗಳು. ಇವುಗಳಲ್ಲಿ ಹಳೆಯವೂ ಉಂಟು, ಅವುಗಳಿಗೆ ಜಾನಪದ ಮತ್ತು ಶಿಲ್ಪದ ದೃಷ್ಟಿಯಿಂದ ಮಹತ್ವವೂ ಉಂಟು. ಆದರೆ ಇವನ್ನು ವಿಜಯನಗರದ ನಾಣ್ಯವೆಂದೋ, ಸಾವಿರಾರು ವರ್ಷ ಹಳೆಯವೆಂದೋ, ಅಕ್ಕಿಯನ್ನು ಸೆಳೆಯುವ ಶಕ್ತಿ ಇವಕ್ಕಿದೆಯೆಂದೋ ಹೇಳಿ ಲಕ್ಷಾಂತರ ರೂಪಾಯಿಗೆ ಮಾರುವವರಿದ್ದಾರೆ. ಅಂಥ ಮಾತು ಕಿವಿಗೆ ಬಿದ್ದೊಡನೆ ಅಲ್ಲಿಂದ ಎದ್ದು ಬರುವುದು ಕ್ಷೇಮ. ಹಳೆಯ ನಾಣ್ಯಕ್ಕೆ ಲಕ್ಷ ಕೊಡುತ್ತೇವೆ, ಮೊದಲು ಶುಲ್ಕ ಕಟ್ಟಿ ಎಂದು ಮೊಬೈಲಿಗೆ ಬರುವ ಸಂದೇಶಗಳೂ ಇದೇ ಜಾತಿಯವು. ತನ್ನ ಹೆಸರನ್ನು ಬಳಸಿಕೊಂಡು ನಡೆಯುವ ಇಂಥ ವಂಚನೆಯ ಬಗೆಗೆ ಭಾರತೀಯ ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಕೆ ಕೊಟ್ಟಿದೆ.

ಮೂರನೆಯದು ನಿಜವಾದ ನಾಣ್ಯ. ಒಬ್ಬ ಅರಸ ಅಥವಾ ಪ್ರಭುತ್ವ ತನ್ನ ಹೆಸರಿನ, ಗುರುತಿನ ಹೊಣೆಯ ಮೇಲೆ ಹೊರಡಿಸಿ, ಜನರ ಕೈಯಿಂದ ಕೈಗೆ ಸಾಗಿ ಸವೆದು ಬಂದ ವಸ್ತು. ಇದರ ಬೆಲೆಯಲ್ಲಿ ಲೋಹದ ಪಾಲು ಒಂದಾದರೆ ವಿರಳತೆ, ಸ್ಥಿತಿ, ಬೇಡಿಕೆಗಳ ಪಾಲು ಮತ್ತೊಂದು. ನಮ್ಮ ಮಾತು ಇದನ್ನು ಕುರಿತದ್ದು.

ಬೆಳ್ಳಿಯಿಂದ ಆರಂಭ

ಹೊಸಬರು ನೇರವಾಗಿ ಗದ್ಯಾಣಕ್ಕೆ ಕೈಹಾಕಬಾರದು; ಬೆಳ್ಳಿಯ ರೂಪಾಯಿಯಿಂದ ತೊಡಗಬೇಕು. ಬ್ರಿಟಿಷ್ ಭಾರತದ ರೂಪಾಯಿ ಇದಕ್ಕೆ ಅತ್ಯುತ್ತಮ ಗುರು. 1835ರಲ್ಲಿ ನಿಗದಿಯಾದ ಅದರ ತೂಕ 180 ಗ್ರೇನ್, ಅಂದರೆ 11.66 ಗ್ರಾಂ, ಬೆಳ್ಳಿಯ ಅಂಶ ಹನ್ನೆರಡರಲ್ಲಿ ಹನ್ನೊಂದು ಪಾಲು. 1939ರವರೆಗಿನ ರೂಪಾಯಿಗಳಿಗೆಲ್ಲ ಇದೇ ಅಳತೆ. 1940ರಿಂದ ಬೆಳ್ಳಿಯ ಅಂಶ ಅರ್ಧಕ್ಕೆ ಇಳಿಯಿತು. 1947ರಲ್ಲಿ ರೂಪಾಯಿ ನಿಕ್ಕಲಿನದಾಯಿತು. ಯುದ್ಧಕಾಲದ ಬಿಕ್ಕಟ್ಟನ್ನು ಇತಿಹಾಸದ ಪುಸ್ತಕದಲ್ಲಿ ಓದುವುದಕ್ಕೂ 1938ರ ಮತ್ತು 1942ರ ರೂಪಾಯಿಗಳನ್ನು ಎರಡು ಅಂಗೈಗಳಲ್ಲಿಟ್ಟು ಬಣ್ಣ, ದನಿಗಳ ವ್ಯತ್ಯಾಸವನ್ನು ಕಾಣುವುದಕ್ಕೂ ಅಂತರವಿದೆ. 1862ರಿಂದ 'ವಿಕ್ಟೋರಿಯಾ ಕ್ವೀನ್' ಎಂದಿದ್ದ ಒಕ್ಕಣೆ 1877ರಿಂದ 'ಎಂಪ್ರೆಸ್' ಎಂದಾದುದನ್ನು ಗಮನಿಸಿದವನಿಗೆ ಬಿರುದುಗಳ ರಾಜಕಾರಣದ ಮೊದಲ ಪಾಠವಾಗುತ್ತದೆ. 1911ರ ರೂಪಾಯಿಯಲ್ಲಿ ಐದನೆಯ ಜಾರ್ಜನ ನಿಲುವಂಗಿಯ ಮೇಲಿನ ಆನೆ ಹಂದಿಯಂತೆ ಕಾಣುತ್ತದೆಂದು ಗದ್ದಲವಾಗಿ ಮರುವರ್ಷವೇ ಅಚ್ಚನ್ನು ತಿದ್ದಬೇಕಾಯಿತು. ಚಿತ್ರವನ್ನು ಜನ ಹೇಗೆ ಓದುತ್ತಾರೆಂಬುದು ಅದನ್ನು ಕೊರೆದವನ ಕೈಯಲ್ಲಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವನ್ನು ನಾನು ಕಂಡಿಲ್ಲ.

ಈ ರೂಪಾಯಿಗಳಲ್ಲಿ ಸಾಮಾನ್ಯ ಇಸವಿಯವು ಹೇರಳವಾಗಿ ಸಿಗುತ್ತವೆ. ಹಾಗಾಗಿ ಒಂದೆರಡು ಕೊಂಡು ತೂಗುವ, ನೋಡುವ, ಬರೆದಿಡುವ ಅಭ್ಯಾಸವನ್ನು ಬೆಳೆಸಿಕೊಳ್ಳುವುದು ಸುಲಭ. 1939ರಂಥ ವಿರಳ ಇಸವಿಯ ನಾಣ್ಯವನ್ನು ಅಗ್ಗಕ್ಕೆ ಕೊಡುತ್ತೇನೆಂದರೆ ಮಾತ್ರ ಅಂಕಿಯನ್ನು ತಿದ್ದಿಲ್ಲವೇ ಎಂದು ಭೂತಗನ್ನಡಿಯಲ್ಲಿ ನೋಡಬೇಕು.

ಎರಡನೆಯ ಮೆಟ್ಟಿಲಾಗಿ, ಲೋಹದ ನಿಯಮವನ್ನು ಸ್ವಲ್ಪ ಸಡಿಲಿಸಿ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ಕಾಸುಗಳನ್ನು ಸೂಚಿಸುತ್ತೇನೆ. 'ಮಯಿಲಿ ಕಾಸು' ಎಂಬ ಕನ್ನಡದ ಒಕ್ಕಣೆ, ಕನ್ನಡ ಅಂಕಿ, ಜೊತೆಗೆ ಇಂಗ್ಲಿಷ್ ಮತ್ತು ಪಾರಸಿ ಬರಹ ಇವುಗಳ ಮೇಲಿವೆ. ಒಂದು ಸಣ್ಣ ತಾಮ್ರದ ಬಿಲ್ಲೆಯಲ್ಲಿ ಮೂರು ಲಿಪಿಗಳು ಜಾಗಕ್ಕಾಗಿ ಒತ್ತರಿಸಿಕೊಂಡು ನಿಂತಿರುವುದನ್ನು ನೋಡಿದರೆ 19ನೆಯ ಶತಮಾನದ ಮೈಸೂರಿನ ಆಡಳಿತಭಾಷೆಯ ಸ್ಥಿತಿ ಮನದಟ್ಟಾಗುತ್ತದೆ. ದ್ವಿಭಾಷಿಕತೆ ಇನ್ನೂ ಹಳೆಯದು. ಸಾತವಾಹನರ ಬೆಳ್ಳಿ ನಾಣ್ಯಗಳಲ್ಲಿ ಅರಸನ ಮುಖವಿರುವ ಕಡೆ ಪ್ರಾಕೃತದ ಒಕ್ಕಣೆಯಿದ್ದರೆ, ಹಿಂದಿನ ಕಡೆ ಅದೇ ಹೆಸರು ದ್ರಾವಿಡ ಸ್ವರೂಪದ ದೇಸಿ ಭಾಷೆಯಲ್ಲಿ ಕಾಣಿಸುತ್ತದೆ. ಅವು ದುಬಾರಿ, ನಕಲಿಯೂ ಹೆಚ್ಚು. ಅವುಗಳನ್ನು ವಸ್ತುಸಂಗ್ರಹಾಲಯದ ಗಾಜಿನ ಹಿಂದೆ ನೋಡಿದರೆ ಸಾಕು.

ಮೂರನೆಯ ಮೆಟ್ಟಿಲು ಚಿನ್ನ. ಇಲ್ಲಿಯೂ ಚಿಕ್ಕದರಿಂದಲೇ ತೊಡಗಬೇಕು. ಕಂಠೀರವ ನರಸರಾಜ ಒಡೆಯರು ಹೊರಡಿಸಿದ ಕಂಠೀರಾಯ ಹಣವು ಅರ್ಧ ಗ್ರಾಮಿಗಿಂತಲೂ ಕಡಿಮೆ ತೂಗುವ, ಬೇಳೆಗಾತ್ರದ ಚಿನ್ನ. ಒಂದು ಮುಖದಲ್ಲಿ ನರಸಿಂಹ, ಇನ್ನೊಂದರಲ್ಲಿ ನಾಗರಿಯಲ್ಲಿ ಅರಸನ ಹೆಸರು. ಇಷ್ಟು ಸಣ್ಣ ನಾಣ್ಯ ಹೊಸ ಅಚ್ಚಿನಲ್ಲಿ ಪೂರ್ಣಯ್ಯನವರ ಕಾಲದಲ್ಲಿಯೂ ಮುಂದುವರಿಯಿತು. 1799ರಲ್ಲಿ ಟಿಪ್ಪುವಿನ ರಾಜ್ಯವನ್ನು ಹಂಚಿಕೊಂಡಾಗ ಪ್ರಾಂತಗಳ ಆದಾಯವನ್ನು ಲೆಕ್ಕಹಾಕಿದ್ದು ಕಂಠೀರಾಯ ವರಹಗಳಲ್ಲಿ. ಹತ್ತು ಹಣಕ್ಕೆ ಒಂದು ವರಹವೆಂಬ ಆ ವರಹ ಲೆಕ್ಕದ ಪುಸ್ತಕದಲ್ಲಿ ಮಾತ್ರ ಇದ್ದ ಮಾನ. ಕೈಗೆ ಸಿಗುತ್ತಿದ್ದುದು ಹಣ. ಚಿನ್ನದ ಪ್ರಮಾಣ ಅತ್ಯಲ್ಪವಾದ್ದರಿಂದ ಚಿನ್ನದ ಹಳೆಯ ನಾಣ್ಯವೊಂದನ್ನು ಹೊಂದಬೇಕೆನ್ನುವ ಅಧ್ಯಾಪಕನ ಕೈಗೆಟುಕುವ ವಸ್ತುವೆಂದರೆ ಇಂಥ ಹಣವೇ.

ಆಮೇಲೆ ಒಂದು ವಿಷಯವನ್ನು ಹಿಡಿದು ಮುಂದುವರಿಯಬೇಕು. ಸಿಕ್ಕಿದ್ದನ್ನೆಲ್ಲ ಕೂಡಿಹಾಕುವುದರಿಂದ ಪೆಟ್ಟಿಗೆ ತುಂಬುತ್ತದೆ, ಅಷ್ಟೆ. ಒಂದು ಉದಾಹರಣೆ ಕೊಡುತ್ತೇನೆ. ಕೆಳದಿಯ ಇಕ್ಕೇರಿ ವರಹದ ಮುಮ್ಮುಖದಲ್ಲಿ ಕುಳಿತ ಶಿವಪಾರ್ವತಿಯರ ಚಿತ್ರವಿದೆ. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದ ಮೇಲೆ ಹೊರಡಿಸಿದ ವರಹದಲ್ಲಿಯೂ ಅದೇ ಶಿವಪಾರ್ವತಿಯರು ಉಳಿದರು. ಹಿಮ್ಮುಖದಲ್ಲಿ ಮಾತ್ರ ಅವನ ಹೆಸರಿನ ಮೊದಲ ಪಾರಸಿ ಅಕ್ಷರ ಬಂದಿತು. ಟಿಪ್ಪುವಿನ ವರಹದಲ್ಲಿ ಚಿತ್ರ ಹೋಗಿ ಬರಹವಷ್ಟೇ ಉಳಿಯಿತು. 1799ರ ಅನಂತರ ಮುಮ್ಮಡಿ ಕೃಷ್ಣರಾಜರ ವರಹದಲ್ಲಿ ಶಿವಪಾರ್ವತಿಯರು ಮರಳಿದರು, ಹಿಂದೆ ನಾಗರಿಯಲ್ಲಿ ಅರಸನ ಹೆಸರು ಬಂದಿತು. ಜನರು ನಂಬಿದ್ದ ನಾಣ್ಯದ ಮುಖವನ್ನು ಬದಲಿಸಲು ಗೆದ್ದ ಅರಸನೂ ಹಿಂಜರಿಯುತ್ತಾನೆ ಎಂಬ ಸಂಗತಿ ಇಲ್ಲಿ ಕಣ್ಣಿಗೇ ಕಾಣುತ್ತದೆ. ಮತಧರ್ಮ ಮತ್ತು ಪ್ರಭುತ್ವವನ್ನು ಕುರಿತು ಇಂದು ನಡೆಯುತ್ತಿರುವ ಅಬ್ಬರದ ಚರ್ಚೆಗಳಿಗಿಂತ ಈ ನಾಲ್ಕು ವರಹಗಳು ಹೆಚ್ಚು ಸಂಯಮದಿಂದ ಮಾತಾಡುತ್ತವೆ.

ಈ ವರಹದ ಬಗೆಗೆ ಬರೆಯುವಾಗ ನನಗೊಂದು ಸಂಕೋಚವಿದೆ. ನಮ್ಮ ಅಜ್ಜಿಯ ಬಳಿ ಒಂದು ಕಾಸಿನ ಸರವಿತ್ತು. ನಾನು ಎಂ.ಎ. ಓದಲು ಹೊರಟಾಗ ಮನೆಯಲ್ಲಿ ಹಣವಿರಲಿಲ್ಲ. ಸರವನ್ನು ಅಕ್ಕಸಾಲಿಗರಲ್ಲಿಗೆ ಒಯ್ದವನು ನಾನೇ. ಅವರು ಅದನ್ನು ತೂಗಿ, ಕಣ್ಣೆದುರಿಗೇ ಮೂಸೆಗೆ ಹಾಕಿ, ಚಿನ್ನದ ಬೆಲೆಯನ್ನು ಎಣಿಸಿಕೊಟ್ಟರು. ಅದರಲ್ಲಿ ಯಾರೂ ಮೋಸಮಾಡಲಿಲ್ಲ. ಸರದ ನಡುವಿನ ಕೆಲವು ಕಾಸುಗಳಲ್ಲಿ ಜೋಡಿಯಾಗಿ ಕುಳಿತ ಎರಡು ಮೂರ್ತಿಗಳಿದ್ದುದು ನನಗೆ ಚೆನ್ನಾಗಿ ನೆನಪಿದೆ. ಹಿಂದೆ ಏನು ಬರೆದಿತ್ತೆಂದು ತಿರುಗಿಸಿ ನೋಡುವ ಬುದ್ಧಿ ಅಂದು ನನಗಿರಲಿಲ್ಲ. ಅವು ಕೆಳದಿಯವೋ, ಹೈದರನವೋ, ಒಡೆಯರವೋ ಎಂಬುದು ಇನ್ನು ಯಾರಿಗೂ ತಿಳಿಯುವುದಿಲ್ಲ. ಅಕ್ಷರ ಓದಲು ಕಲಿಯುವುದಕ್ಕಾಗಿ ನಾನು ಅಕ್ಷರವಿದ್ದ ಚಿನ್ನವನ್ನೇ ಕರಗಿಸಿದೆ. ಇಂಥ ಸರಗಳು ನಮ್ಮ ವಿದ್ಯಾರ್ಥಿಗಳ ಮನೆಗಳಲ್ಲಿ ಇನ್ನೂ ಇರಬಹುದು. ಆದ್ದರಿಂದ ಸಂಗ್ರಹವು ಕೊಳ್ಳುವುದರಿಂದಲೇ ಆರಂಭವಾಗಬೇಕಿಲ್ಲ. ಮನೆಯಲ್ಲಿರುವುದನ್ನು ತೂಗಿ, ಎರಡೂ ಮುಖಗಳ ಚಿತ್ರ ತೆಗೆದು, ಯಾರಿಂದ ಬಂದಿತೆಂದು ಹಿರಿಯರನ್ನು ಕೇಳಿ ಬರೆದಿಟ್ಟುಕೊಂಡರೆ ಅದೇ ಒಳ್ಳೆಯ ಆರಂಭ. ಆಮೇಲೆ ಕಷ್ಟಕಾಲದಲ್ಲಿ ಮಾರಬೇಕಾಗಿ ಬಂದರೂ ಏನನ್ನು ಮಾರುತ್ತಿದ್ದೇವೆಂಬುದಾದರೂ ತಿಳಿದಿರುತ್ತದೆ.

ತೂಕ, ನೀರು, ಲಿಪಿ

ಪರೀಕ್ಷೆಗೆ ಬೇಕಾದ ಸಲಕರಣೆಗಳು ಕಡಿಮೆ: ಗ್ರಾಮಿನ ನೂರನೆಯ ಒಂದು ಭಾಗವನ್ನು ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿ, ಹತ್ತುಪಟ್ಟು ದೊಡ್ಡದಾಗಿ ಕಾಣಿಸುವ ಭೂತಗನ್ನಡಿ, ಒಂದು ಬಟ್ಟಲು ನೀರು. ಮೊದಲ ಪರೀಕ್ಷೆ ತೂಕ. ಬಳಕೆಯಿಂದ ನಾಣ್ಯ ಸವೆದು ಹಗುರವಾಗಬಹುದು, ಭಾರವಾಗುವುದು ಸಾಧ್ಯವಿಲ್ಲ. ವಿಜಯನಗರದ ವರಹ ಸುಮಾರು 3.4 ಗ್ರಾಂ, ಹೊಯ್ಸಳರ ಗದ್ಯಾಣ ಸುಮಾರು 4 ಗ್ರಾಂ, ಬ್ರಿಟಿಷರ ಸವರನ್ 7.98 ಗ್ರಾಂ. ಕರಾವಳಿಯಲ್ಲಿ ಇಂದಿಗೂ ಚಿನ್ನವನ್ನು ಪವನಿನ ಲೆಕ್ಕದಲ್ಲಿ ಹೇಳುವುದು ಈ ಸವರನ್ನಿನ ನೆನಪಿನಿಂದಲೇ. ಹೇಳಿದ ತೂಕಕ್ಕಿಂತ ಗಮನಾರ್ಹವಾಗಿ ಹೆಚ್ಚು ತೂಗಿದರೆ ಅನುಮಾನಿಸಬೇಕು.

ಎರಡನೆಯದು ಸಾಂದ್ರತೆ. ಗಾಳಿಯಲ್ಲಿ ತೂಗಿದ ತೂಕವನ್ನು ನೀರಿನಲ್ಲಿ ಕಡಿಮೆಯಾದ ತೂಕದಿಂದ ಭಾಗಿಸಿದರೆ ಸಾಪೇಕ್ಷ ಸಾಂದ್ರತೆ ಬರುತ್ತದೆ. ಶುದ್ಧ ಚಿನ್ನಕ್ಕೆ 19.3, ಬೆಳ್ಳಿಗೆ 10.5, ತಾಮ್ರಕ್ಕೆ ಸುಮಾರು 9. ಸವೆಯದ ಬೆಳ್ಳಿ ರೂಪಾಯಿ ನೀರಿನಲ್ಲಿ ಸುಮಾರು 1.13 ಗ್ರಾಂ ತೂಕ ಕಳೆದುಕೊಳ್ಳಬೇಕು. ಆದರೆ ಈ ಪರೀಕ್ಷೆಗೆ ಮಿತಿಯಿದೆ. ಅರ್ಧ ಗ್ರಾಮಿಗೂ ಕಡಿಮೆಯಿರುವ ಹಣದಲ್ಲಿ ಆಗುವ ವ್ಯತ್ಯಾಸ ತಕ್ಕಡಿಯ ತಪ್ಪಿನೊಳಗೇ ಮುಳುಗಿಹೋಗುತ್ತದೆ. ಸೀಸಕ್ಕೆ ತವರ ಬೆರೆಸಿ ಬೆಳ್ಳಿಯ ಸಾಂದ್ರತೆಯನ್ನು ಹೊಂದಿಸುವ ಕುಶಲಿಗಳೂ ಇದ್ದಾರೆ. ಆದ್ದರಿಂದ ಅಂಚಿನಲ್ಲಿ ಎರಕದ ಗೆರೆಯಿದೆಯೇ, ಮೇಲ್ಮೈಯಲ್ಲಿ ಸೂಜಿಮೊನೆಯಂಥ ಗುಳಿಗಳಿವೆಯೇ ಎಂದೂ ನೋಡಬೇಕು. ಅಚ್ಚೊತ್ತಿದ ನಾಣ್ಯದಲ್ಲಿ ಇವು ಸಾಮಾನ್ಯವಾಗಿ ಇರುವುದಿಲ್ಲ.

ಮೂರನೆಯದೇ ನಮ್ಮ ಪರೀಕ್ಷೆ: ಲಿಪಿ. ಇದನ್ನು ನಾನು ಕಲಿತದ್ದು ಪೆಟ್ಟು ತಿಂದು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಪ್ರದರ್ಶನದಲ್ಲಿ ವಿಷ್ಣುವರ್ಧನನ ಗದ್ಯಾಣವೆಂದು ಹೇಳಿದ ನಾಣ್ಯವನ್ನು ಒಂದು ತಿಂಗಳ ಸಂಬಳ ಕೊಟ್ಟು ಕೊಂಡೆ. ವಿಷ್ಣುವರ್ಧನನ ನಾಣ್ಯಗಳಲ್ಲಿ ಒಂದು ಕಡೆ ಸಿಂಹಾಕೃತಿ, ಇನ್ನೊಂದು ಕಡೆ ಕನ್ನಡದಲ್ಲಿ 'ಶ್ರೀ ತಳಕಾಡುಗೊಂಡ' ಅಥವಾ 'ಶ್ರೀ ನೊಳಂಬವಾಡಿಗೊಂಡ' ಎಂಬ ಬಿರುದು ಇರುತ್ತದೆ. ಚೋಳರಿಂದ ತಲಕಾಡನ್ನು ಗೆದ್ದ ಸಂಭ್ರಮವನ್ನು ಅರಸನು ಕನ್ನಡ ಅಕ್ಷರಗಳಲ್ಲಿ ಚಿನ್ನದ ಮೇಲೆ ಬರೆಸಿದನೆಂಬುದೇ ನನ್ನನ್ನು ಮರುಳುಮಾಡಿತ್ತು. ಬಿಲ್ಲು ಕೇಳಲಿಲ್ಲ, ತೂಗಲಿಲ್ಲ. ಮನೆಗೆ ಬಂದು ತೂಗಿದಾಗ ಅದು 5 ಗ್ರಾಮಿಗಿಂತ ಹೆಚ್ಚಿತ್ತು. ಆಮೇಲೆ ಅಕ್ಷರಗಳನ್ನು ನೋಡಿದೆ. 'ಶ್ರೀ'ಯ ದೀರ್ಘವನ್ನು ಇಂದಿನ ಅಚ್ಚಿನ ಪುಸ್ತಕಗಳಲ್ಲಿರುವಂತೆ ಪಕ್ಕದಲ್ಲಿ ಬಿಡಿ ಚಿಹ್ನೆಯಾಗಿ ಕೊರೆದಿದ್ದರು. ಹೊಯ್ಸಳರ ಕಾಲದ ಲಿಪಿಯಲ್ಲಿ ಅದು ಗುಡಿಸಿನೊಳಗೇ ಸುರುಳಿಯಾಗಿ ಸೇರಿಕೊಂಡಿರುತ್ತದೆ. ಆ ವರ್ಷ ನಾನು ತರಗತಿಯಲ್ಲಿ ಪಾಠಮಾಡುತ್ತಿದ್ದ ಪತ್ರಿಕೆ ಲಿಪಿವಿಕಾಸವೇ ಆಗಿತ್ತು! ಮಾರಿದವನು ಮರುದಿನ ಅಲ್ಲಿರಲಿಲ್ಲ. ನನ್ನ ವಿದ್ಯೆಯನ್ನು ಮನೆಯಲ್ಲಿ ಬಿಟ್ಟು ಪೇಟೆಗೆ ಹೋದುದು ನನ್ನ ತಪ್ಪೇ ಹೊರತು ಬೇರೆಯವರನ್ನು ದೂರಿ ಫಲವಿಲ್ಲ. ಲಿಪಿಶಾಸ್ತ್ರ ಬಲ್ಲ ಕನ್ನಡದ ವಿದ್ಯಾರ್ಥಿಗೆ ಯಾವ ವ್ಯಾಪಾರಿಯ ಬಳಿಯೂ ಇಲ್ಲದ ಒರೆಗಲ್ಲೊಂದು ಇರುತ್ತದೆ, ಅದನ್ನು ಬಳಸಬೇಕು.

ಬಿಡಿ ನಾಣ್ಯ ಮತ್ತು ಕಳೆದುಹೋದ ವಾಕ್ಯ

ಈಗ ಅತ್ಯಂತ ಮುಖ್ಯವಾದ ಮಾತು. 1906ರಲ್ಲಿ ನಾಸಿಕದ ಬಳಿಯ ಜೋಗಲತೆಂಬಿಯಲ್ಲಿ ಹದಿಮೂರು ಸಾವಿರಕ್ಕೂ ಹೆಚ್ಚು ಬೆಳ್ಳಿ ನಾಣ್ಯಗಳು ಒಟ್ಟಿಗೆ ದೊರೆತವು. ಎಲ್ಲವೂ ಕ್ಷತ್ರಪ ನಹಪಾನನವು; ಅವುಗಳಲ್ಲಿ ಸುಮಾರು ಮೂರನೆಯ ಎರಡು ಭಾಗದಷ್ಟರ ಮೇಲೆ ಗೌತಮೀಪುತ್ರ ಶಾತಕರ್ಣಿಯ ಮುದ್ರೆಯನ್ನು ಮತ್ತೆ ಒತ್ತಲಾಗಿತ್ತು. ಸೋತವನ ಹಣದ ಮೇಲೆ ಗೆದ್ದವನ ಗುರುತು ಬಿದ್ದ ಈ ರಾಶಿ, ಯಾರು ಯಾರನ್ನು ಗೆದ್ದರೆಂಬುದಕ್ಕೆ ದೊಡ್ಡ ಆಧಾರವಾಯಿತು. ಅವು ಒಟ್ಟಿಗೆ ಉಳಿದು ಎಣಿಕೆಯಾದುದರಿಂದ ಮಾತ್ರ ಇದು ಸಾಧ್ಯವಾಯಿತು. ಒಂದೊಂದಾಗಿ ಚೀಲ ಸೇರಿದ್ದರೆ ಆ ಪ್ರಮಾಣವೇ ಅಳಿಸಿಹೋಗುತ್ತಿತ್ತು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ದೊರೆತ ರೋಮನ್ ಬೆಳ್ಳಿ ನಾಣ್ಯಗಳದೂ ಇದೇ ಕಥೆ. ತಿಬೇರಿಯಸನ ದಿನಾರಿ ಯೂರೋಪಿನ ಯಾವ ನಾಣ್ಯದ ಅಂಗಡಿಯಲ್ಲಿಯಾದರೂ ಸಿಗುತ್ತದೆ. ಅದು ಚಂದ್ರವಳ್ಳಿಯ ಮಣ್ಣಿನಲ್ಲಿ, ಸಾತವಾಹನರ ಕಾಲದ ಸ್ತರದೊಂದಿಗೆ ಸಿಕ್ಕಾಗ ಮಾತ್ರ ಕರ್ನಾಟಕದ ಪ್ರಾಚೀನ ಕಾಲಗಣನೆಗೂ ಕಡಲವ್ಯಾಪಾರದ ಚರಿತ್ರೆಗೂ ಸಾಕ್ಷಿಯಾಗುತ್ತದೆ. ನಾಣ್ಯ ಒಂದು ಪದವಾದರೆ ಅದು ಸಿಕ್ಕಿದ ನೆಲ ಅದರ ವಾಕ್ಯ. ವಾಕ್ಯದಿಂದ ಕಿತ್ತ ಪದಕ್ಕೆ ಅರ್ಥಕೋಶದ ಅರ್ಥವಷ್ಟೇ ಉಳಿಯುತ್ತದೆ.

ಆದ್ದರಿಂದ "ಹೊಲದಲ್ಲಿ ಉಳುವಾಗ ಕುಡಿಕೆ ಸಿಕ್ಕಿದೆ, ಯಾರಿಗೂ ಹೇಳಬೇಡಿ, ಅಗ್ಗಕ್ಕೆ ಕೊಡುತ್ತೇನೆ" ಎಂದು ಬಂದವನಿಂದ ಎಂದಿಗೂ ಕೊಳ್ಳಬಾರದು. ಬಹುಮಟ್ಟಿಗೆ ಅದು ನಕಲಿ. ನಿಜವಾಗಿದ್ದರೆ ಇನ್ನೂ ಕೆಟ್ಟದ್ದು. 1878ರ ನಿಧಿ ಕಾಯಿದೆಯ ಕಾಲದಿಂದಲೂ ಭೂಮಿಯಲ್ಲಿ ದೊರೆತ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸುವುದು ಕಡ್ಡಾಯ. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯಿದೆಯ ಪ್ರಕಾರ ನೂರು ವರ್ಷ ತುಂಬಿದ ನಾಣ್ಯವೂ ಪುರಾವಸ್ತು. ಅದರ ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿ ವ್ಯಕ್ತಿ ಅದನ್ನು ದೇಶದಿಂದ ಹೊರಗೆ ಒಯ್ಯುವಂತಿಲ್ಲ. 1911ರ ಆ ಹಂದಿಯಾನೆಯ ರೂಪಾಯಿಯೂ ಈಗ ಈ ವ್ಯಾಖ್ಯೆಯೊಳಗೆ ಬಂದಿದೆ. ಹೊರದೇಶದಲ್ಲಿರುವ ನಮ್ಮ ಮಿತ್ರರು ಊರಿನಿಂದ ನೆನಪಿಗೆಂದು ಒಯ್ಯುವ ಮೊದಲು ಇದನ್ನು ಯೋಚಿಸಬೇಕು. ಪರವಾನಗಿಯುಳ್ಳ ವ್ಯಾಪಾರಿಯಿಂದ, ನಾಣ್ಯದ ವಿವರ ಬರೆದ ಬಿಲ್ಲಿನೊಡನೆ, ಹಳೆಯ ಸಂಗ್ರಹದಿಂದ ಬಂದುದನ್ನು ಕೊಳ್ಳುವುದೇ ಸರಿಯಾದ ದಾರಿ. ಸ್ವಲ್ಪ ಹೆಚ್ಚು ಬೆಲೆಯಾದರೂ ಆ ಹೆಚ್ಚಿನದು ನೆಮ್ಮದಿಗೆ ಕೊಟ್ಟ ಬೆಲೆ.

ಹಾಗಾದರೆ ಸಂಗ್ರಾಹಕರೇ ಈ ಲೂಟಿಗೆ ಕಾರಣರಲ್ಲವೇ, ಎಲ್ಲವೂ ವಸ್ತುಸಂಗ್ರಹಾಲಯದಲ್ಲಿರಬಾರದೇ ಎಂದು ಕೇಳುವವರಿದ್ದಾರೆ. ಆಕ್ಷೇಪದಲ್ಲಿ ಸತ್ಯವಿದೆ. ಮೂಲ ಕೇಳದೆ ಕೊಳ್ಳುವವನು ಅಗೆಯುವವನಿಗೆ ಕೂಲಿ ಕೊಟ್ಟಂತೆಯೇ. ಆದರೆ ಈಗಾಗಲೇ ಜನರ ಕೈಯಲ್ಲಿರುವ ನಾಣ್ಯಗಳಿಗೆ ಮೂಸೆಯ ಭಯವೇ ದೊಡ್ಡದು. ಚಿನ್ನದ ದರ ಏರಿದಷ್ಟೂ ಆ ಭಯ ಹೆಚ್ಚುತ್ತದೆ. ಓದಬಲ್ಲ ಸಂಗ್ರಾಹಕನೊಬ್ಬ ಪ್ರತಿ ಊರಿನಲ್ಲಿಯೂ ಇದ್ದರೆ ಕೆಲವಾದರೂ ಉಳಿಯುತ್ತವೆ.

ಕಡತ

ಉಳಿಸುವುದೆಂದರೆ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವುದಷ್ಟೇ ಅಲ್ಲ. ನಾಣ್ಯವನ್ನು ಹುಣಿಸೆಹಣ್ಣು, ಬೂದಿ, ಹಲ್ಲುಪುಡಿ ಹಚ್ಚಿ ಉಜ್ಜಬಾರದು. ಬೆಳ್ಳಿಯ ಮೇಲಿನ ಕಪ್ಪು ಅದರ ವಯಸ್ಸಿನ ಗುರುತು. ಉಜ್ಜಿದರೆ ಅಕ್ಷರದ ಅಂಚೂ ಹೋಗುತ್ತದೆ, ಬೆಲೆಯೂ ಇಳಿಯುತ್ತದೆ. ಮುಖವನ್ನು ಮುಟ್ಟದೆ ಅಂಚನ್ನು ಹಿಡಿದು ಎತ್ತಬೇಕು. ಪಿ.ವಿ.ಸಿ. ಪ್ಲಾಸ್ಟಿಕ್ಕಿನ ಚೀಲದಲ್ಲಿ ಇಡಬಾರದು. ಕಾಲಕ್ರಮದಲ್ಲಿ ಅದು ಅಂಟಂಟಾಗಿ ಲೋಹವನ್ನು ತಿನ್ನುತ್ತದೆ. ಆಮ್ಲರಹಿತ ಕಾಗದದ ಲಕೋಟೆ ಸಾಕು.

ಇದಕ್ಕಿಂತ ಮುಖ್ಯವಾದುದು ಬರಹ. ಹಿಂದಿನ ವರ್ತಕರು ಲೆಕ್ಕಕ್ಕೆ ಕಪ್ಪು ಬಟ್ಟೆಯ ಕಡತವನ್ನಿಡುತ್ತಿದ್ದರು. ಸಂಗ್ರಾಹಕನೂ ಒಂದು ಕಡತವನ್ನಿಡಬೇಕು. ನಾಣ್ಯಕ್ಕೊಂದು ಪುಟ: ತೂಕ, ವ್ಯಾಸ, ಲೋಹ, ಮುಮ್ಮುಖ ಹಿಮ್ಮುಖಗಳ ವರ್ಣನೆ, ಒಕ್ಕಣೆಯನ್ನು ಇದ್ದದ್ದು ಇದ್ದಂತೆ ಲಿಪ್ಯಂತರಿಸಿದ ಪಾಠ, ಎಲ್ಲಿಂದ ಯಾರ ಮೂಲಕ ಎಂದು ಬಂದಿತು, ಕೊಟ್ಟ ಬೆಲೆ, ಯಾವ ಗ್ರಂಥದ ಯಾವ ನಾಣ್ಯಕ್ಕೆ ಹೋಲುತ್ತದೆ. ವಾಲ್ಟರ್ ಎಲಿಯಟ್ 19ನೆಯ ಶತಮಾನದಲ್ಲಿ ದಕ್ಷಿಣ ಭಾರತದ ನಾಣ್ಯಗಳ ಬಗೆಗೆ ಬರೆದ ಗ್ರಂಥವನ್ನು, ಎ.ವಿ. ನರಸಿಂಹಮೂರ್ತಿಯವರ 'ದಿ ಕಾಯಿನ್ಸ್ ಆಫ್ ಕರ್ನಾಟಕ'ವನ್ನು ಓದದೆ ಮೊದಲ ನಾಣ್ಯವನ್ನು ಕೊಳ್ಳಬಾರದೆಂಬುದು ನಾನು ನನ್ನ ವಿದ್ಯಾರ್ಥಿಗಳಿಗೆ ಹಾಕಿರುವ ನಿಯಮ. ಗ್ರಂಥಾಲಯದಲ್ಲಿ ಇವನ್ನು ಓದಲು ಖರ್ಚಿಲ್ಲ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ, ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕು ತನ್ನ ಹುಟ್ಟುಮನೆಯಲ್ಲಿ ನಡೆಸಿದ ನಾಣ್ಯಸಂಗ್ರಹಾಲಯದಲ್ಲಿ ಅರ್ಧ ದಿನ ಕಳೆದರೆ ಕಣ್ಣು ಪಳಗುತ್ತದೆ. ನಾಸಿಕದ ಬಳಿಯ ಅಂಜನೇರಿಯಲ್ಲಿ ನಾಣ್ಯಶಾಸ್ತ್ರಕ್ಕೆಂದೇ ಸಂಶೋಧನಾ ಸಂಸ್ಥೆಯಿದೆ. ಆಸಕ್ತ ಸಂಶೋಧನಾರ್ಥಿಗಳು ಅಲ್ಲಿಗೂ ಹೋಗಬೇಕು.

ಮತ್ತೆ ಆ ಪ್ರಶ್ನೆಗೆ

ಒಂದು ಗದ್ಯಾಣ ಇಂದಿನ ಎಷ್ಟು ರೂಪಾಯಿ? ಈಗ ನನ್ನ ಉತ್ತರ ಬೇರೆ. ಮೊದಲು, ಯಾವ ಗದ್ಯಾಣವೆಂದು ಕೇಳುತ್ತೇನೆ. ಶಾಸನಗಳಲ್ಲಿ ಲೊಕ್ಕಿಗದ್ಯಾಣವೆಂಬುದು ಬರುತ್ತದೆ. ಅತ್ತಿಮಬ್ಬೆಯ ಬಸದಿಯಿರುವ ಲಕ್ಕುಂಡಿಯಲ್ಲಿ ಟಂಕಿಸಿದ ಗದ್ಯಾಣವದು. ಊರಿನ ಹೆಸರನ್ನು ಹೇಳಬೇಕಾಗಿತ್ತೆಂದರೆ ಎಲ್ಲ ಗದ್ಯಾಣವೂ ಒಂದೇ ಆಗಿರಲಿಲ್ಲವೆಂದೇ ಅರ್ಥ. ಹತ್ತು ಹಣಕ್ಕೊಂದು ಗದ್ಯಾಣವೆಂಬ ಲೆಕ್ಕ ಒಂದು ಕಡೆಯಾದರೆ, 1443ರಲ್ಲಿ ವಿಜಯನಗರಕ್ಕೆ ಬಂದ ಅಬ್ದುರ್ ರಜಾಕ್ ವರಹದ ಅರ್ಧ ಪ್ರತಾಪ, ಪ್ರತಾಪದ ಹತ್ತನೆಯ ಒಂದು ಪಾಲು ಹಣ ಎಂದು ಬರೆದಿದ್ದಾನೆ. ರಾಷ್ಟ್ರಕೂಟರ ಶಾಸನಗಳು ನಾಣ್ಯಗಳ ಹೆಸರನ್ನು ಹೇಳುತ್ತವೆ. ಅವರದೆಂದು ನಿಶ್ಚಿತವಾಗಿ ಹೇಳಬಹುದಾದ ನಾಣ್ಯಗಳೋ ಅತಿ ವಿರಳ. ಹೀಗಿರುವಾಗ ಇಂದಿನ ಚಿನ್ನದ ದರದಿಂದ ಗುಣಿಸಿ ಹೇಳುವ ಉತ್ತರ ಗಣಿತವಾದೀತು, ಅರ್ಥವಾಗದು. ಅದೇ ಶಾಸನದಲ್ಲಿ ಆ ಗದ್ಯಾಣದಿಂದ ಎಷ್ಟು ಭೂಮಿ, ಎಷ್ಟು ಎಣ್ಣೆ, ಎಷ್ಟು ಹಾಲು ಬಂದಿತೆಂದು ಹುಡುಕಬೇಕು. ಆ ಉತ್ತರ ರೂಪಾಯಿಯಲ್ಲಿ ಸಿಗುವುದಿಲ್ಲ, ಆದರೆ ಅದೇ ಸರಿಯಾದ ಉತ್ತರ.

ಈಗ ಆ ಪಾಠದ ದಿನ ನಾನು ತರಗತಿಗೆ ಎರಡು ವಸ್ತುಗಳನ್ನು ಒಯ್ಯುತ್ತೇನೆ. ಒಂದು, ಬಿಲ್ಲಿನೊಡನೆ ಕೊಂಡ ಕಂಠೀರಾಯ ಹಣ. ಇನ್ನೊಂದು, ಒಂದು ತಿಂಗಳ ಸಂಬಳದ ಆ ನಕಲಿ ಗದ್ಯಾಣ. ಎರಡನ್ನೂ ಮೇಜಿನ ಮೇಲಿಟ್ಟು, ತಕ್ಕಡಿ ಮತ್ತು ಭೂತಗನ್ನಡಿಯನ್ನು ಪಕ್ಕದಲ್ಲಿರಿಸಿ, ಯಾವುದು ಸಲ್ಲುತ್ತದೆ, ಯಾವುದು ಸಲ್ಲದು, ಕಾರಣವೇನು ಎಂದು ಬರೆದುಕೊಡಲು ಹೇಳುತ್ತೇನೆ. ಪ್ರಶ್ನೆ ಕೇಳಿದ ಆ ವಿದ್ಯಾರ್ಥಿ 'ಶ್ರೀ'ಯ ದೀರ್ಘದ ತಪ್ಪನ್ನು ತಾನಾಗಿಯೇ ಗುರುತಿಸಿದ. ಅವನು ಇನ್ನೂ ಒಂದು ನಾಣ್ಯವನ್ನೂ ಕೊಂಡಿಲ್ಲ. ಆದರೆ ಅವನ ಸಂಗ್ರಹ ಆರಂಭವಾಗಿದೆಯೆಂದೇ ನನ್ನ ಭಾವನೆ.